ಅರ್ಧ ಬ್ಲೇಡು

ಕಾಲು ಮೊದಲು, ಮುಷ್ಟಿ ಆಮೇಲೆ, ಮತ್ತೆ ಅದೇ ತಪ್ಪು — ಗುದ್ದು ಬಿದ್ದಂತೆ ಕೇಳಿಸಲೆಂದು ಕುಸ್ತಿಯ ಹಲಗೆಯ ಮೇಲೆ ಧಪ್ಪನೆ ಕಾಲು ಅಪ್ಪಳಿಸಿದ ಸದ್ದು ಬಂದು ಹೋದ ಮೇಲೆ ನಿಯಾಜನ ಮುಷ್ಟಿ ಬಸವೇಶನ ದವಡೆಯ ಹತ್ತಿರ ಬಂತು, ಬಂದದ್ದೂ ದವಡೆಗಲ್ಲ, ಕಿವಿಯ ಪಕ್ಕದ ಗಾಳಿಗೆ, ಆದರೂ ಬಸವೇಶ ತಲೆ ಹಿಂದಕ್ಕೆಸೆದು ಹಗ್ಗಕ್ಕೆ ಹೋಗಿ ಬಿದ್ದ, ಶಿಗ್ಗಾವಿಯ ಸಂತೆ ಮೈದಾನದಲ್ಲಿ ಕೂತ ಜನ ಹೋ ಎಂದಿತು, ಎರಡನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಮೈಲಾರಲಿಂಗಪ್ಪನ ಬಾಯಿಗೆ ಮಾತ್ರ ಹುಳಿನೀರು ಬಂತು. ಇಪ್ಪತ್ತೆರಡು ವರ್ಷ, ಹಾನಗಲ್ಲಿನ ತನ್ನ ಕ್ಷೌರದ ಅಂಗಡಿಯ ಮೂಲೆಯಲ್ಲಿ ಟೀವಿ ಕೂಡಿಸಿದಂದಿನಿಂದ ಈ ಕುಸ್ತಿ ನೋಡುತ್ತ ಬಂದವನಿಗೆ, ಗಿರಾಕಿಯ ಗಲ್ಲದ ಮೇಲೆ ನೊರೆ ಒಣಗುತ್ತಿದ್ದರೂ ಕೈ ನಿಲ್ಲಿಸಿ ಪರದೇಶದ ಪೈಲ್ವಾನರು ಹೇಗೆ ಬೀಳುತ್ತಾರೆ, ಎಷ್ಟು ಹೊತ್ತು ಬಿದ್ದಿರುತ್ತಾರೆ, ಯಾವ ಮೊಣಕಾಲು ಮೊದಲು ಊರಿ ಏಳುತ್ತಾರೆ ಎಂದು ಎಣಿಸಿದವನಿಗೆ, ಇದೇನು ನೋಡುವ ವಸ್ತುವೇ, ಭಾನುವಾರ ಹಾನಗಲ್ಲಿನಲ್ಲಿ ಇದೇ ಹೊಡೆತ, ನಿನ್ನೆ ಮಂಗಳವಾರ ಅಂಗಡಿಗೆ ರಜೆಯೆಂದು ಸವಣೂರಿಗೆ ಹೋದರೆ ಅಲ್ಲೂ ಇದೇ ಹೊಡೆತ, ಇವತ್ತು ಬುಧವಾರ, ದುಡಿಯುವ ದಿನ, ಮಧ್ಯಾಹ್ನವೇ ಬಾಗಿಲು ಎಳೆದು ಬಸ್ಸು ಹತ್ತಿ ಬಂದದ್ದು ಈ ಗಾಳಿಗುದ್ದು ನೋಡುವುದಕ್ಕೆ. ಹೊಲಸು. ಮುಂದಿನ ಸಾಲಿನವನು ಗುಟ್ಕಾ ಉಗಿದು ಚಪ್ಪಲಿಯಿಂದ ಒರೆಸುತ್ತಿದ್ದಾನೆ, ಮಿರ್ಚಿ ಭಜಿಯ ಎಣ್ಣೆ ಕಾಗದ ಗಾಳಿಗೆ ಬಂದು ಧೋತರಕ್ಕೆ ಅಂಟಿಕೊಂಡಿದೆ, ಮೈಕು ಹಿಡಿದ ಅಂಬರೀಶ, ಈ ಇಡೀ ಮೇಳವನ್ನು ಊರೂರು ತಿರುಗಿಸುವವನು, ಗಂಟಲು ಹರಿಯುವ ಹಾಗೆ ಒದರುತ್ತಿದ್ದಾನೆ, ಶಿಗ್ಗಾವಿ ಗಂಡಸರೆಲ್ಲಾ ಎದ್ದ ನಿಲ್ರಿ, ಎದ್ದ ನಿಲ್ಲಲಿಲ್ಲಂದ್ರ ನೀವು ಗಂಡಸರಲ್ಲ — ಥೂ, ಅದೂ ಒಂದು ಮಾತೇ, ಹೆಂಗಸರು ಕೂತಿದ್ದಾರೆ, ಅವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಾರೆ, ನಗುವುದನ್ನು ನೋಡಿದರೆ ಇನ್ನೂ ಹೇಸಿಗೆ.

ಕರಿ ಗೂಳಿ ಅಂತೆ ಇಲ್ಲಿ ನಿಯಾಜನ ಹೆಸರು, ತಲೆಗೆ ಕಪ್ಪು ಮುಸುಕು, ಮುಸುಕಿಗೆ ಎರಡು ರಬ್ಬರಿನ ಕೊಂಬು, ಎಡಗೊಂಬು ನಿನ್ನೆಯೇ ಜೋತುಬಿದ್ದಿತ್ತು, ಇವತ್ತಿಗೂ ಹೊಲಿದಿಲ್ಲ. ಮುಸುಕು ಹಾಕಿಕೊಂಡವನಿಗೆ ಊರಿಲ್ಲ, ತಾಯಿತಂದೆ ಇಲ್ಲ, ಅದು ಮುಸುಕಿನ ಮರ್ಯಾದೆ, ಸವಣೂರಿನಲ್ಲಿ ಏನಾಯಿತು, ಬೇಲಿಯ ಆಚೆಯಿಂದ, ಅವನ ಹತ್ತಿರ ವೀಳ್ಯದೆಲೆ ಕೊಳ್ಳುವ ಒಬ್ಬ ಮುದುಕಿ, ಏ ನಿಯಾಜ, ನಾಳೆ ಎಲಿ ಕೊಡ್ತೀಯಿಲ್ಲೋ, ಮದವಿ ಮನಿ ಐತಿ, ಅಂದಳು, ಕರಿ ಗೂಳಿ ಎದುರಾಳಿಯ ಕುತ್ತಿಗೆ ಹಿಸುಕುತ್ತಲೇ ಅವಳತ್ತ ತಿರುಗಿ ಕೊಂಬು ಅಲ್ಲಾಡಿಸಿ, ಎಷ್ಟ ಕವಳಿ ಬೇಕಬೇ, ಅಂದ! ಮಂದಿ ನಕ್ಕಿತು, ಮೈಲಾರಲಿಂಗಪ್ಪನಿಗೆ ನಗು ಬರಲಿಲ್ಲ, ದೇವರ ಕೋಣೆಯಲ್ಲಿ ಯಾರೋ ಚಪ್ಪಲಿ ಬಿಟ್ಟು ಹೋದ ಹಾಗಾಯಿತು. ಇನ್ನು ಬಸವೇಶ, ತಮ್ಮ ಓಣಿಯ ಉಡಚವ್ವನ ಮಗ, ರಣಭೈರವ ಅಂತೆ ಇಲ್ಲಿ ಹೆಸರು, ಮೈ ಇದೆ, ತೋಳಿದೆ, ನೆಗೆತ ಇದೆ, ಆದರೆ ಬೀಳುವಾಗ ಬಿದ್ದಲ್ಲಿ ಮಂದಿ ನೋಡುತ್ತಿದೆಯೋ ಇಲ್ಲವೋ ಎಂದು ಒಂದು ಕಣ್ಣು ತೆರೆದು ನೋಡುತ್ತಾನೆ, ಆ ಒಂದು ಕಣ್ಣು ಇಡೀ ಆಟ ಕೆಡಿಸುತ್ತದೆ. ಮಣಿಕಟ್ಟಿಗೆ ಬೆರಳಿನವರೆಗೆ ಬಿಳಿ ಪಟ್ಟಿ ಸುತ್ತಿಕೊಂಡಿದ್ದಾನೆ, ನೋಡು ಅದರ ಅಂಚು, ಜೂಲುಜೂಲು, ನೂಲು ಎದ್ದಿದೆ, ಹಲ್ಲಿನಿಂದ ಹರಿದದ್ದು, ಪಟ್ಟಿ ಕತ್ತರಿಸುವುದಕ್ಕೆಂದೇ ಬೆಳಿಗ್ಗೆ ಅಂಗಡಿಗೆ ಬಂದು ಬ್ಲೇಡು ಇಸಿದುಕೊಂಡು ಹೋದವನು, ಕೊಟ್ಟ ಬ್ಲೇಡು ಬಿಟ್ಟು ಹಲ್ಲಿನಿಂದ ಹರಿಯುತ್ತಾನಲ್ಲ, ಯಾವ ಕೆಲಸದಲ್ಲೂ ನೀಟು ಇಲ್ಲ ಈ ಹುಡುಗರಿಗೆ.

ಕುಸ್ತಿ ಸುಳ್ಳು ಎಂಬುದಕ್ಕೆ ಮೈಲಾರಲಿಂಗಪ್ಪನ ಹೇಸಿಗೆಯಲ್ಲ. ಸುಳ್ಳೆಂದು ಯಾರಿಗೆ ಗೊತ್ತಿಲ್ಲ. ಅಂಗಡಿಗೆ ಬರುವ ಮಾಸ್ತರರು, ಏನೋ ಮೈಲಾರಿ, ಕೊರಳಾಗ ಲಿಂಗ ಕಟಗೊಂಡು ಈ ಸುಳ್ಳ ಬಡದಾಟ ನೋಡ್ತೀಯಲ್ಲೋ, ಅಂದಾಗೆಲ್ಲ ಅವನು ಕತ್ತಿ ಒರೆಸುತ್ತಾನೆ, ಒಳಗೆ ಉತ್ತರ ಇದೆ — ಮಠದಲ್ಲಿ ಶ್ರಾವಣದ ಸಂಜೆ ಪುರಾಣ ಹಚ್ಚುತ್ತಿದ್ದರು, ಅಪ್ಪನ ತೊಡೆಗೆ ಒರಗಿ ಕೂತಿದ್ದಾನೆ, ಎಂಟು ವರ್ಷ, ಶಾಸ್ತ್ರಿಗಳು ಪದ್ಯ ಎತ್ತುತ್ತಾರೆ, ಅದೇ ಬಾಯಿ ರಾಕ್ಷಸನಾಗಿ ಗರ್ಜಿಸುತ್ತದೆ, ಅದೇ ಬಾಯಿ ಶಿವಶರಣನಾಗಿ ಮೆತ್ತಗಾಗುತ್ತದೆ, ರಾಕ್ಷಸನ ರುಂಡ ಹಾರುತ್ತದೆ, ರಕ್ತ ಹಳ್ಳವಾಗಿ ಹರಿದು ಆನೆಗಳು ತೇಲುತ್ತವೆ, ಕಂಬಕ್ಕೊರಗಿದ ಮುದುಕರು ಅಯ್ಯೋ ಶಿವನೇ ಎನ್ನುತ್ತಾರೆ, ಮಂಗಳಾರತಿ ಆದ ಮೇಲೆ ಶಾಸ್ತ್ರಿಗಳು ಮುಖ ತೊಳೆದು ಒಂದು ಲೋಟ ಹಾಲು ಕುಡಿಯುತ್ತಾರೆ, ಅವರ ಬಿಳಿ ಅಂಗಿಗೆ ಒಂದು ಕಲೆ ಇಲ್ಲ. ಸುಳ್ಳು ಎಂದು ಯಾರಾದರೂ ಎದ್ದು ಹೋದರೇ. ಓದು ಬಾರದಿದ್ದರೂ ಕೇಳಿ ಕೇಳಿ ಷಟ್ಪದಿಯ ನಡೆ ಅವನ ಬೆರಳಿಗೆ ಬಂದಿತ್ತು, ಗಿಡ್ಡ ಸಾಲು, ಗಿಡ್ಡ ಸಾಲು, ಆಮೇಲೆ ಒಂದು ಉದ್ದ ಸಾಲು, ಮತ್ತೆ ಗಿಡ್ಡ, ಗಿಡ್ಡ, ಆಮೇಲೆ ಆ ಆರನೆಯದು, ಉಸಿರು ಪೂರಾ ಬಿಡಿಸುವಂಥದು. ಒಳ್ಳೆಯ ಕುಸ್ತಿಯೂ ಹಾಗೇ ನಡೆಯುತ್ತದೆ, ಹೊಡೆತ, ಹೊಡೆತ, ದೊಡ್ಡ ಪೆಟ್ಟು, ಹೊಡೆತ, ಹೊಡೆತ, ಆಮೇಲೆ ಕೂತವರನ್ನು ಎಬ್ಬಿಸಿ ನಿಲ್ಲಿಸುವ ಒಂದು — ಮೊಣಕಾಲ ಮೇಲೆ ಅವನ ಬೆರಳು ತಾನೇ ಬಡಿದುಕೊಳ್ಳುತ್ತದೆ, ಇವತ್ತೂ ಬಡಿದುಕೊಳ್ಳುತ್ತಿದೆ, ಬಡಿಬಡಿದು ಎಡವುತ್ತಿದೆ. ನಿನ್ನೆ ಸವಣೂರಿನಿಂದ ತಿರುಗಿ ಬರುವಾಗ ಬಸವೇಶ ಅವನ ಪಕ್ಕದ ಸೀಟಿಗೇ ಬಂದು ಕೂತ, ಕಾಕಾ, ಹೆಂಗಿತ್ರಿ? ಹೇಳಬಾರದಿತ್ತು. ಒಂದು ದಿನಕ್ಕೆ ಹತ್ತು ಮಾತು ಆಡದವನಿಗೆ ಕುಸ್ತಿಯ ಮಾತು ಬಂದರೆ ಮಾತ್ರ ಎಲ್ಲಿಂದ ಬರುತ್ತದೋ ನಾಲಗೆ — ಏನ್ ಹೆಂಗಿತ್ತು, ಹತ್ತಿ ಅಂಡಿಗಿ ಬಿದ್ದಂಗ ಬೀಳ್ತೀಯಲ್ಲೋ ತಮ್ಮಾ, ಯಾರ್ ನಂಬತಾರ ನಿನ್ನ, ಐದ ಸಾಲ ಹೇಳಿ ಎದ್ದ ಹೋದ್ರ ಅದಕ್ಕ ಪದ್ಯ ಅಂತಾರೇನು, ಆರನೇ ಸಾಲ ಎಲ್ಲೈತಿ? ಆರನೇ ಸಾಲಂದ್ರ ಏನ್ರಿ ಕಾಕಾ? ಬಂಕಾಪುರದ ಕೋಟೆಯ ಕಡೆಯಿಂದ ನವಿಲೊಂದು ಕೂಗಿತು, ಬಸ್ಸು ತಗ್ಗಿಗಿಳಿದು ಕುಲುಕಿತು, ಟೀವ್ಯಾಗ ನೋಡಿಲ್ಲೇನು, ಹಣಿ ಒಡದು ಮಾರಿ ತುಂಬ ಕೆಂಪ ಇಳೀತೈತಿ, ಮಂದಿ ಉಸರ ಹಿಡಕೊಂಡ ಕುಂದರತಾರ, ಅದು. ಅದ ಬಣ್ಣ ಇರತೈತೇನ್ರಿ? ಬಣ್ಣೋ ಖರೇನೋ ನಂಗೇನ ಗೊತ್ತು, ನಂಬೂಹಂಗ ಇರಬೇಕು, ನಂಬೂಹಂಗ ಮಾಡಾಕ ಆಗಲಿಲ್ಲಂದ್ರ ನಾಳಿಂದ ನಿಮ್ಮವ್ವನ ಜೋಡಿ ಕಾಯಿಪಲ್ಲೆ ಮಾರಾಕ ಕುಂದರು ಹೋಗು. ಹುಡುಗ ನಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಹಣೆಯನ್ನು ಕಂಬಿಗೆ ಒತ್ತಿಕೊಂಡು ಕೂತ, ಊರು ಬರುವವರೆಗೂ.

ಆ ಹಣೆ. ಉಡಚವ್ವನ ಮನೆಯಂಗಳದಲ್ಲಿ, ಇಪ್ಪತ್ತೈದು ವರ್ಷ ಆಯಿತೇ, ಕೂಸು ಬಸವೇಶನ ಜವಳ, ಸೋದರಮಾವನ ತೊಡೆಯ ಮೇಲೆ ಕೂಡಿಸಿದ್ದಾರೆ, ಕೂಸು ಕಿರುಚುತ್ತ ತಲೆ ಆ ಕಡೆ ಈ ಕಡೆ ಒಗೆಯುತ್ತಿದೆ, ಬಾಗಿಲ ಹಿಂದೆ ನಿಂತ ಉಡಚವ್ವ ನೋಡಲಾರದೆ ಅಲ್ಲಿಂದಲೇ, ಯಣ್ಣಾ, ನನ್ನ ಮಗನ ತಲಿ ನಿನ್ನ ಕೈಯಾಗೈತಿ, ಒಂದ ಹನಿ ರಕ್ತ ಬರಬಾರದ ನೋಡು — ಬರಲಿಲ್ಲ, ಒಂದು ಹನಿ ಬರಲಿಲ್ಲ, ಹೊಟ್ಟೆಕೂದಲು ಪೂರಾ ಇಳಿಸಿ ಒದ್ದೆ ಅರಿವೆಯಿಂದ ಒರೆಸಿದಾಗ ತಲೆ ಬೆಣ್ಣೆಯ ಉಂಡೆ, ಉಡಚವ್ವ ಹೊರಗೆ ಬಂದು ಅವನ ಕೈಗಳನ್ನು ತನ್ನ ಕಣ್ಣಿಗೊತ್ತಿಕೊಂಡಳು. ಅಂದಿನಿಂದ ಎಷ್ಟು ಜವಳ, ನೂರಾರು, ಒಂದು ಹನಿ ಇಲ್ಲ. ಇವತ್ತೂ ಇತ್ತು ಒಂದು, ಬೆಳಿಗ್ಗೆ ಹತ್ತಕ್ಕೆ, ಅದಕ್ಕೇ ಹೊಸ ಬ್ಲೇಡು ಬಿಚ್ಚುವವನಿದ್ದ, ಬಸವೇಶ ಬಂದು ನಿಂತ, ಕಾಕಾ, ಒಂದ ಬ್ಲೇಡ ಕೊಡ್ರಿ, ಕೈಗೆ ಸುತ್ತೂ ಪಟ್ಟಿ ಕತ್ತರಸಾಕ ಬೇಕು. ಇಡೀದ ಏನ್ ಮಾಡ್ತಿ, ಅರ್ಧ ಸಾಕಲ್ಲ. ಅಂಗಡಿಯ ಅಭ್ಯಾಸ, ಕಾಗದದೊಳಗೇ ಬ್ಲೇಡನ್ನು ಉದ್ದಕ್ಕೆ ಮಡಚಿ ಹೆಬ್ಬೆರಳಿನಿಂದ ಒತ್ತಿದರೆ ಟಿಕ್, ಎರಡು ಅರ್ಧ, ಒಂದು ಅರ್ಧ ಕತ್ತಿಯ ಬಾಯಿಗೆ, ಒಂದು ಅರ್ಧ ಕಾಗದದಲ್ಲಿ ಸುತ್ತಿ ಹಲಗೆಯ ಮೇಲೆ, ಕೈಯಿಂದ ಕೈಗೆ ಬ್ಲೇಡು ಕೊಡಬಾರದು ಎಂದು ಅಪ್ಪ ಕಲಿಸಿದ್ದ, ಹಲಗೆಯ ಮೇಲಿಟ್ಟ, ಹುಡುಗ ಎತ್ತಿಕೊಂಡ, ಎತ್ತಿಕೊಂಡವನೇ ಕಾಲು ಮುಟ್ಟಿ ನಮಸ್ಕಾರ ಮಾಡಿದನಲ್ಲ, ಯಾಕೆ ಮಾಡಿದ, ಎಂದೂ ಮಾಡದವನು.

ಹೋ — ಕುರ್ಚಿ ತಂದ ನಿಯಾಜ, ತಗಡಿನ ಮಡಚುವ ಕುರ್ಚಿ, ಎತ್ತಿದ, ಹೊಡೆತ, ಬೆನ್ನಿಗೆ, ಹೊಡೆತ, ಹೆಗಲಿಗೆ, ಬೆರಳು ಮೊಣಕಾಲ ಮೇಲೆ ಬಡಿಯಿತು, ಈ ಸಲ ಎಡವಲಿಲ್ಲ, ಕುರ್ಚಿ ತಲೆಯ ಮೇಲೆ, ಬಸವೇಶ ಎರಡೂ ಅಂಗೈ ಅಡ್ಡ ತಂದ, ಆದರೂ ಸದ್ದು ಬಂತು, ಬೋರಲು ಬಿದ್ದ, ಈ ಸಲ ಕಣ್ಣು ತೆರೆಯಲಿಲ್ಲ, ಭಲೇ, ಮುಖ ಹಲಗೆಗೆ ಒತ್ತಿ ಕೈ ಹಣೆಯ ಕೆಳಗೆ ಸೇರಿಸಿಕೊಂಡು ಮಲಗಿದ, ಎಷ್ಟು ಹೊತ್ತು, ಎಷ್ಟು ಬೇಕೋ ಅಷ್ಟು, ಬಲ ಮೊಣಕಾಲು ಊರಿದ, ಎದ್ದ, ಹೊಡೆತ, ಹೊಡೆತ, ತಿರುಗಿದ — ಮುಖ ತುಂಬ ಕೆಂಪು. ಮಂದಿ ಉಸಿರು ಹಿಡಿಯಿತು. ಮೈಲಾರಲಿಂಗಪ್ಪ ಎದ್ದು ನಿಂತಿದ್ದ, ತಾನು ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ, ಹಾಂ ಹಾಂ ಎಂದು ಒದರುತ್ತಿದ್ದ, ಐವತ್ತನಾಲ್ಕು ವರ್ಷದ ಗಂಟಲು, ಬಂತು, ಬಂತು ಆರನೇ ಸಾಲು, ಎಷ್ಟು ಉದ್ದ, ಎಷ್ಟು ತುಂಬಿದ್ದು — ಆಮೇಲೆ ಕಣ್ಣು, ಕ್ಷೌರಿಕನ ಕಣ್ಣು, ಅದು ಬಾಯಿಗಿಂತ ನಿಧಾನ, ಆ ಗೆರೆಯ ಮೇಲೆ ಹೋಗಿ ನಿಂತಿತು. ಕುರ್ಚಿ ತಾಗಿದರೆ ಚರ್ಮ ಒಡೆಯುತ್ತದೆ, ಹರಕು ಬೀಳುತ್ತದೆ, ಸುತ್ತ ಬಾತುಕೊಳ್ಳುತ್ತದೆ. ಇದು ಗೆರೆ. ಕೂದಲು ಹುಟ್ಟುವಲ್ಲಿಂದ ಹುಬ್ಬಿನವರೆಗೆ ನೆಟ್ಟಗೆ, ತೆಳ್ಳಗೆ, ನೀಟಾಗಿ. ಪಟ್ಟಿಯ ಅಂಚು ಹಲ್ಲಿನಿಂದ ಹರಿದದ್ದು. ಹಾಗಾದರೆ ಬ್ಲೇಡು ಯಾತಕ್ಕೆ. ಬಾಯಲ್ಲಿದ್ದ ಕೂಗನ್ನು ವಾಂತಿಯಂತೆ ನುಂಗಿಕೊಂಡ. ನೆರೆಯವನು ಫೋನು ಮೇಲೆತ್ತಿ ಹಿಡಿದು, ಬಣ್ಣ ಭಾಳ ಚಲೋ ಹಚ್ಯಾರ ಬಿಡ್ರಿ, ಎನ್ನುತ್ತಿದ್ದಾನೆ, ಬಣ್ಣವಲ್ಲೋ ಹಲ್ಕಟ್, ಬಣ್ಣ ಒಂದು ಕಡೆ ನಿಲ್ಲುತ್ತದೆ, ಇದು ನಿಲ್ಲುತ್ತಿಲ್ಲ, ಹುಬ್ಬು ದಾಟಿತು, ಗದ್ದದಿಂದ ಎದೆಗೆ ಧಾರೆ ಕಟ್ಟಿತು, ಹುಡುಗ ಒತ್ತಿದ್ದು ಹೆಚ್ಚಾಗಿದೆ, ಹಳೆಯ ಬ್ಲೇಡಾಗಿದ್ದರೆ ಗೀಚುತ್ತಿತ್ತು, ತಾನು ಕೊಟ್ಟದ್ದು ಹೊಸದು, ಜವಳಕ್ಕೆಂದು ಬಿಚ್ಚಿದ್ದು. ಕರಿ ಗೂಳಿ ಕೈ ಎತ್ತಿದ್ದು ಹಾಗೇ ನಿಂತಿದೆ, ಮುಸುಕಿನ ತೂತಿನಲ್ಲಿ ನಿಯಾಜನ ಕಣ್ಣು ಹೆದರಿದೆ, ಬಸವ್ಯಾ, ಸಾಕೋ ಯಪ್ಪಾ, ಎನ್ನುವುದು ಎರಡನೆಯ ಸಾಲಿಗೂ ಕೇಳುತ್ತಿದೆ, ಅಂಬರೀಶನಿಗೆ ಕೇಳುತ್ತಿಲ್ಲ, ರಕ್ತ ನೋಡ್ರೀ ರಕ್ತ, ಇದ ಖರೇ ಕುಸ್ತಿ, ನಾಳೆ ಹಿರೇಕೆರೂರಾಗ ಇದರ ಅಪ್ಪ ಐತಿ!

ಬಿದಿರಿನ ಬೇಲಿ ದಾಟಿದ್ದು ಹೇಗೆ, ಧೋತರ ಹರಿಯಿತು, ಹರಿಯಲಿ, ಜೇಬಿನಲ್ಲಿ ರಕ್ತ ನಿಲ್ಲಿಸುವ ಪಟಿಕದ ಕಲ್ಲು ಇತ್ತು, ಅಂಗಡಿಯಿಂದ ನೆಟ್ಟಗೆ ಬಂದದ್ದಕ್ಕೆ ಇತ್ತು, ಹೆಗಲ ಮೇಲೆ ವಸ್ತ್ರ ಇತ್ತು, ಗಂಟೆ ಬಾರಿಸಿದರು, ಯಾರು ಗೆದ್ದರೋ, ನಿಯಾಜ ಮುಸುಕು ಕಿತ್ತೊಗೆದು ಹುಡುಗನನ್ನು ಹಲಗೆಯ ಅಂಚಿಗೆ ತಂದು ಕೂಡಿಸಿದ, ಒತ್ತರಿ ಕಾಕಾ, ಜಲ್ದಿ ಒತ್ತರಿ. ಮೈಲಾರಲಿಂಗಪ್ಪ ಒತ್ತಿದ. ಬೆಚ್ಚಗೆ. ಬೆರಳ ಸಂದಿಯಿಂದ ಬಂದು ಮಣಿಕಟ್ಟಿಗೆ ಇಳಿದು ಅಂಗಿಯ ತೋಳಿಗೆ ಹತ್ತಿತು, ಶಾಸ್ತ್ರಿಗಳ ಅಂಗಿಗೆ ಒಂದು ಕಲೆ ಇರಲಿಲ್ಲ, ಪಟಿಕ ಉರಿಯಿತೇನೋ ಹುಡುಗ ಹಲ್ಲು ಕಚ್ಚಿದ, ಹಲ್ಲೂ ಕೆಂಪು, ಜೂಲು ಪಟ್ಟಿಯ ಬೆರಳ ತುದಿಯಲ್ಲಿ ಬ್ಲೇಡಿನ ಮೂಲೆಯ ಚೂರೊಂದು ಮಿಂಚಿತು, ಅಕ್ಕಿಕಾಳಿನಷ್ಟು. ಇದ ಯಾಕ ಮಾಡಿದ್ಯೋ, ನಿಮ್ಮವ್ವಗ ನಾ ಏನ್ ಹೇಳ್ಲೋ, ಎನ್ನಬೇಕು, ಅಷ್ಟರಲ್ಲಿ ಬಸವೇಶನೇ ಮುಖ ಎತ್ತಿದ, ಒಂದು ಕಣ್ಣಿಗೆ ರಕ್ತ ಮೆತ್ತಿ ಮುಚ್ಚಿದೆ, ಇನ್ನೊಂದು ಕಣ್ಣು ಹೊಳೆಯುತ್ತಿದೆ, ಶಾಲೆಯ ಹುಡುಗ ಪಾಟಿ ತೋರಿಸುವಾಗ ಹೊಳೆಯುವ ಹಾಗೆ — ಇವತ್ತ ಬಂತಿಲ್ರೀ ಕಾಕಾ, ಆರನೇ ಸಾಲು? ಇಲ್ಲ ಎನ್ನಬೇಕು. ಇಲ್ಲ ಎಂದರೆ ನಾಳೆ ಇನ್ನೂ ಆಳಕ್ಕೆ ಎಳೆಯುತ್ತಾನೆ, ಹೌದು ಎಂದರೆ ನಾಳೆಯೂ ಎಳೆಯುತ್ತಾನೆ. ಬಂತಪ್ಪಾ, ಎಂದಿತು ಬಾಯಿ, ಆ ಹೊಲಸು ಬಾಯಿ, ಬಂದದ್ದಂತೂ ನಿಜ, ಅದೇ ಹೇಸಿಗೆ, ಇಪ್ಪತ್ತೆರಡು ವರ್ಷದಲ್ಲಿ ಇಂಥ ನಡೆ ಇಂಥ ಪೆಟ್ಟು ಅವನು ಕಂಡಿರಲಿಲ್ಲ, ಬೆರಳು ಒಂದು ಮಾತ್ರೆ ತಪ್ಪಿರಲಿಲ್ಲ. ಹುಡುಗ ನಕ್ಕ, ನಕ್ಕದ್ದಕ್ಕೆ ವಸ್ತ್ರದ ಕೆಳಗೆ ಮತ್ತೆ ಉಕ್ಕಿತು. ಹಂಗಾರ ನಾಳೆ ಹಿರೇಕೆರೂರಿಗೆ ಬರೂಮುಂದ ಆ ಇನ್ನರ್ಧ ತಗೊಂಡ ಬರ್ರಿ ಕಾಕಾ, ಇದರ ಮೂಲಿ ಮುರದೈತಿ — ಇನ್ನರ್ಧ, ಇನ್ನರ್ಧ ಎಲ್ಲಿದೆ, ಅಂಗಡಿಯಲ್ಲಿದೆ, ಕತ್ತಿಯ ಬಾಯಲ್ಲಿದೆ, ತೊಳೆದಿಟ್ಟಿದ್ದಾನೆ, ಬೆಳಿಗ್ಗೆ ಹತ್ತಕ್ಕೆ ಆ ಕೂಸಿನ ನೆತ್ತಿಯ ಮೇಲೆ ಹರಿದದ್ದು, ನೆತ್ತಿ ಇನ್ನೂ ಮೆತ್ತಗೆ, ಉಸಿರಿಗೆ ಏಳುತ್ತಿತ್ತು, ಇಳಿಯುತ್ತಿತ್ತು, ಒಂದು ಹನಿ ಇಲ್ಲ ಎಂದು ಅದರ ತಾಯಿ ಅವನ ಕೈ ಕಣ್ಣಿಗೊತ್ತಿಕೊಂಡಳು, ಈ ಕೈ, ವಸ್ತ್ರದ ಮೇಲಿರುವ ಈ ಕೈ, ಒಂದು ಹನಿ ಇಲ್ಲ, ಕಾಗದದೊಳಗೆ ಉದ್ದಕ್ಕೆ ಮಡಚಿ ಹೆಬ್ಬೆರಳಿನಿಂದ ಒತ್ತಿದ್ದು, ಅಲ್ಲೊಂದು ಅರ್ಧ, ಇಲ್ಲೊಂದು ಅರ್ಧ, ಟಿಕ್, ಕಾಗದದೊಳಗೆ, ಟಿಕ್