ವಾಪಸ್ ಹೋಗದ ಪಾರ್ಸೆಲ್

ಐವತ್ತು ದಾಟಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎಂದು ಹಗಲೆಲ್ಲ ಹೇಳಿ ಹೇಳಿ, ಊರವರ ಪಕ್ಕೆಲುಬು, ಮೊಣಕಾಲು ನೋಡಿ ನೋಡಿ, ಸಂಜೆಯಾದರೆ ಅವಳಿಗೆ ಮುಖಗಳನ್ನು ನೋಡುವ ಹಸಿವು. ಅದಕ್ಕೇ ಸಿನಿಮಾ. ಅದೂ ಸಮುದ್ರದಾಚೆಯ ಹಳೆಯ ಸಿನಿಮಾಗಳು, ಫೋನಿನಲ್ಲಿ ಎಷ್ಟು ತಡಕಿದರೂ ಸಿಗದಂಥವು. ದೂರದೇಶದ ಅಂಗಡಿಯೊಂದು ಅವನ್ನು ಡಿಸ್ಕ್ ಮಾಡಿ ಮಾರುತ್ತಿತ್ತು. ಡಿಸ್ಕಿಗಿಂತ ಕಳಿಸುವ ಖರ್ಚೇ ಜಾಸ್ತಿ. ಆದರೂ ತರಿಸುತ್ತಿದ್ದಳು. ಯಾವ ದೇಶದ ಡಿಸ್ಕ್ ಹಾಕಿದರೂ ಓಡುವ ಪ್ಲೇಯರನ್ನೂ ಹುಡುಕಿ ತಂದಿಟ್ಟುಕೊಂಡಿದ್ದಳು.

ಈಚೆಗೆ ಎರಡು ಪಾರ್ಸೆಲ್ ಬರಲೇ ಇಲ್ಲ. ಕೇಳಿದರೆ, ಮನೆಯವರು ಬೇಡವೆಂದರಂತೆ, ವಾಪಸ್ ಬಂದಿದೆ ಎಂದು ಅಂಗಡಿಯವರು ಬರೆದರು. ಪುಟ್ಟಿಗೆ ತಲೆಬುಡ ತಿಳಿಯಲಿಲ್ಲ. ಮೂರನೆಯದು ಊರು ಮುಟ್ಟಿದೆ ಎಂಬ ಸಂದೇಶ ಬಂದದ್ದೇ ತಡ, ಅರ್ಧ ದಿನ ರಜೆ ಹಾಕಿ ಅಂಚೆ ಕಚೇರಿಗೆ ನಡೆದಳು.

"ಅದನ್ನ ಬೆಳಿಗ್ಗೆನೇ ಮನೆಗೆ ತಗೊಂಡು ಹೋಗಿದ್ದೆ ಮೇಡಂ," ಎಂದ ಪೋಸ್ಟ್‌ಮ್ಯಾನ್. "ಬೇಡ, ವಾಪಸ್ ಕಳಿಸಿ ಅಂದ್ರು ನಿಮ್ಮಣ್ಣ. ಹಿಂದಿನ ಎರಡಕ್ಕೂ ಹಾಗೇ ಅಂದಿದ್ರಲ್ಲ. ನಿಮಗೆ ಗೊತ್ತು ಅಂದ್ಕೊಂಡಿದ್ದೆ."

ಪುಟ್ಟಿ ಕೌಂಟರಿನ ಮೇಲೆ ಕೈಯೂರಿದಳು. "ಅದರ ಮೇಲೆ ಯಾರ ಹೆಸರಿದೆ?"

"ನಿಮ್ದೇ."

"ಹಾಗಾದ್ರೆ ಬೇಕು ಬೇಡ ಹೇಳೋಳು ನಾನು. ಕೊಡಿ ಇಲ್ಲಿ."

ಮನೆಯಲ್ಲಿ ಅಣ್ಣ ಟಿವಿಯ ಮುಂದೆ ಕಾಲು ಚಾಚಿ ವಾರ್ತೆ ನೋಡುತ್ತಿದ್ದ. ಅಪ್ಪ ತೀರಿಕೊಂಡ ದಿನದಿಂದ ಯಜಮಾನಿಕೆಯನ್ನು ಯಾರೂ ಕೊಡದೆಯೇ ವಹಿಸಿಕೊಂಡವನು ಅವನು. ಪುಟ್ಟಿ ಪಾರ್ಸೆಲನ್ನು ಅವನ ಮುಂದೆ ಹಿಡಿದಳು.

"ಯಾಕಣ್ಣ ವಾಪಸ್ ಕಳಿಸ್ದೆ?"

"ನಿನ್ನ ಒಳ್ಳೇದಕ್ಕೇ ಪುಟ್ಟಿ. ಅರ್ಥವಾಗದ ಭಾಷೆ, ಅರ್ಧಂಬರ್ಧ ಬಟ್ಟೆ ಹಾಕ್ಕೊಂಡೋರು. ಈ ವಯಸ್ಸಲ್ಲಿ! ನೋಡಿದೋರು ಏನಂದ್ಕೋತಾರೆ?"

"ನೀನು ಒಂದಾದ್ರೂ ನೋಡಿದ್ಯಾ?"

"ನೋಡೋದೇನು? ನಿನ್ನ ಕಪಾಟಲ್ಲಿರೋ ಡಬ್ಬಿಗಳ ಮೇಲಿನ ಚಿತ್ರ ನೋಡಿದ್ರೆ ಸಾಲ್ದಾ?"

"ಒಳಗೆ ನೋಡದೆ ಯಾರ ಕಾಲು ಮುರಿದಿದೆ ಅಂತಾನೂ ನಾನು ಹೇಳಲ್ಲ."

"ನಾಲಿಗೆ ಉದ್ದ ಆಯ್ತು. ಇದು ನನ್ನ ಮನೆ, ನೆನಪಿರಲಿ."

"ಅಪ್ಪನ ಮನೆ. ಇಬ್ಬರಿಗೂ ಬಿಟ್ಟುಹೋಗಿದ್ದಾರೆ," ಎನ್ನುತ್ತ ಪುಟ್ಟಿ ಅವನ ಕೈಯಳತೆಯಲ್ಲಿದ್ದ ರಿಮೋಟ್ ತೆಗೆದುಕೊಂಡಳು. ಯಾವಾಗಲೂ ತನ್ನ ಕೋಣೆಯ ಬಾಗಿಲು ಮುಚ್ಚಿ, ಸದ್ದು ತಗ್ಗಿಸಿ ನೋಡುತ್ತಿದ್ದವಳು ಅಂದು ಪ್ಲೇಯರನ್ನು ಹಾಲಿಗೇ ತಂದು ಜೋಡಿಸಿದಳು. ಸದ್ದನ್ನೂ ಏರಿಸಿದಳು.

ಕಪ್ಪು ಬಿಳುಪು ತೆರೆಯ ಮೇಲೆ ಹೊಳೆ, ಹೊಳೆಯಲ್ಲೊಂದು ದೋಣಿ. ಗಂಡನನ್ನು ಕಳೆದುಕೊಂಡವಳೊಬ್ಬಳು ಹುಟ್ಟು ಹಿಡಿದು ನಿಂತಿದ್ದಳು. ದಡದಲ್ಲಿ ಗಂಡಸರ ಗುಂಪು ಬೊಬ್ಬೆ ಹಾಕುತ್ತಿತ್ತು. ಅಡುಗೆಮನೆಯಿಂದ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ನಿಂತು, ಆಮೇಲೆ ಪುಟ್ಟಿಯ ಪಕ್ಕ ಕೂತಳು.

"ಏನಂತಿದ್ದಾಳೆ ಅವಳು?"

ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಪುಟ್ಟಿ ಕನ್ನಡದಲ್ಲಿ ಹೇಳತೊಡಗಿದಳು. "'ದಾಟೋರು ಹತ್ತಿ, ಬೈಯೋರು ಈಜ್ಕೊಂಡು ಹೋಗಿ' ಅಂತಿದ್ದಾಳೆ."

ಅತ್ತಿಗೆ ಬಿದ್ದು ಬಿದ್ದು ನಕ್ಕಳು. ಅಣ್ಣ ಗಂಟಲು ಸರಿಮಾಡಿಕೊಂಡ. "ಊಟಕ್ಕೇನಾದ್ರೂ ಉಂಟೋ ಇಲ್ವೋ?"

"ಒಲೆ ಮೇಲಿದೆ, ಬಡಿಸ್ಕೊಳ್ಳಿ," ಎಂದಳು ಅತ್ತಿಗೆ, ತೆರೆಯಿಂದ ಕಣ್ಣು ಕೀಳದೆ.

ಅವನು ತಿಂಗಳುಗಟ್ಟಲೆ ತಂಗಿಯೊಡನೆ ಮಾತು ಬಿಟ್ಟ. ಪುಟ್ಟಿ ಸೋಲಲಿಲ್ಲ. ಗೇಟಿಗೆ ತನ್ನ ಹೆಸರಿನ ಬೇರೆ ಅಂಚೆಪೆಟ್ಟಿಗೆಯನ್ನು ತಾನೇ ತೂತು ಕೊರೆದು ಕೂರಿಸಿದಳು. ವಾಪಸ್ ಹೋಗಿದ್ದ ಎರಡನ್ನೂ ಮತ್ತೆ ತರಿಸಿದಳು. ಅವು ಬಂದಾಗ ಅವಳು ಆಸ್ಪತ್ರೆಯಲ್ಲಿದ್ದಳು. ಪೆಟ್ಟಿಗೆಯಲ್ಲಿ ಹಿಡಿಸದ ದಪ್ಪ ಕಟ್ಟು; ಪೋಸ್ಟ್‌ಮ್ಯಾನ್ ಬಾಗಿಲು ತಟ್ಟಿದ. ಅಣ್ಣ ಹೊಸ್ತಿಲಲ್ಲಿ ಕೈಕಟ್ಟಿ ನಿಂತಿದ್ದ.

"ಸ್ವಲ್ಪ ದಾರಿ ಬಿಡಿ," ಎಂದು ಅತ್ತಿಗೆ ಅವನನ್ನು ಪಕ್ಕಕ್ಕೆ ಸರಿಸಿ ಸಹಿ ಹಾಕಿದಳು.