ಬೆಳ್ಳಿ ಕಾಗದದ ಫ್ಯೂಸು

ಹೆಡ್‌ಲೈಟಿನ ಬುರುಡೆ ಬಿಚ್ಚಿದಾಗ ಮೊದಲು ಹೊರಗೆ ಬಿದ್ದದ್ದು ಒಣಗಿ ತಗಡಾದ ಒಂದು ಹಲ್ಲಿ. ಅದರ ಹಿಂದೆ ಜಿರಳೆ ಹಿಕ್ಕೆ, ಎಣ್ಣೆಯಲ್ಲಿ ನೆನೆದ ಧೂಳು, ಕೂದಲು ಮೆತ್ತಿಕೊಂಡ ಟೇಪಿನ ಸುರುಳಿಗಳು. ಆನಂದ್ ಮುಖ ಹಿಂದಕ್ಕೆ ಎಳೆದುಕೊಂಡ. ಹೊಸಕೋಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಅವನು ಆ ಭಾನುವಾರ ನಂದಗುಡಿಗೆ ಬಂದದ್ದು ಹೆಂಡತಿಯ ತಂಗಿ ದಿವ್ಯಳ ಮನೆಯ ಊಟಕ್ಕೆ. ದಿವ್ಯಳ ಗಂಡ ಸುನಿಲ್‌ಕುಮಾರ್ ನೀರು ಕೊಡುವ ಮೊದಲೇ ಸ್ಕ್ರೂಡ್ರೈವರ್ ಕೊಟ್ಟಿದ್ದ. ಹಳೇ ಬೈಕಿನ ದೀಪ ಹೊತ್ತುತ್ತಿಲ್ಲ, ಸಂಜೆ ಕೊಳ್ಳುವವರು ಬರುತ್ತಾರೆ, ಸ್ವಲ್ಪ ನೋಡಿ ಎಂದಿದ್ದ.

ಸ್ವಲ್ಪ ನೋಡಿದರೆ ಮುಗಿಯುವಂಥದ್ದಾಗಿರಲಿಲ್ಲ ಅದು. ಹಾರ್ನಿಗೂ ಹಸಿರು, ಬ್ರೇಕಿಗೂ ಹಸಿರು, ಇಂಡಿಕೇಟರಿಗೂ ಹಸಿರು. ಯಾವುದೋ ಮದುವೆಯ ಸೀರಿಯಲ್ ದೀಪದ ಸರದಿಂದ ಕಿತ್ತು ತಂದ ವೈರು. ಬೆಸುಗೆ ಎಂಬುದು ಎಲ್ಲೂ ಇಲ್ಲ. ಹಲ್ಲಿನಲ್ಲಿ ಸುಲಿದು, ಬೆರಳಲ್ಲಿ ಹೊಸೆದು, ಟೇಪು ಸುತ್ತಿ ಕೈತೊಳೆದುಕೊಂಡ ಗಂಟುಗಳು. ಟೇಪು ಸಾಲದ ಕಡೆ ಗಾಯಕ್ಕೆ ಅಂಟಿಸುವ ಪಟ್ಟಿ, ಅದರ ನಡುವಿನ ಹತ್ತಿಯ ಮೇಲೆ ಕಂದು ಕಲೆ. ತುಕ್ಕೋ ರಕ್ತವೋ ತಿಳಿಯುವ ಆಸೆ ಆನಂದ್‌ಗೆ ಇರಲಿಲ್ಲ. ಪೆಟ್ರೋಲ್ ಟ್ಯಾಂಕನ್ನು ಎತ್ತಿ ನೋಡಿದರೆ, ಅಡಿಯ ವೈರಿನ ಕಟ್ಟು ಒಂದೆಡೆ ಕರಗಿ ಕರ್ರಗೆ ಮುದ್ದೆಯಾಗಿತ್ತು. ಸೀಟಿನ ಕೆಳಗೆ, ಇಲಿ ಉಚ್ಚೆಯ ನಾತದ ನಡುವೆ, ಫ್ಯೂಸು ಸಿಕ್ಕಿತು. ಸುಟ್ಟುಹೋದ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿತ್ತು.

ಸುತ್ತಿದವರು ಯಾರು ಎಂದು ಕೇಳಿದ. ತಾನೇ ಎಂದ ಸುನಿಲ್, ಕೊಂಚ ಹೆಮ್ಮೆಯಿಂದಲೇ. ಫ್ಯೂಸು ಮೇಲಿಂದ ಮೇಲೆ ಹೋಗುತ್ತಿತ್ತಂತೆ, ಕಾಗದ ಸುತ್ತಿದ ಮೇಲೆ ಒಂದು ಸಲವೂ ಹೋಗಿಲ್ಲವಂತೆ. ಹೋಗುವುದೇ ಅದರ ಕೆಲಸ, ಅದು ಹೋಗದಿದ್ದರೆ ವೈರು ಹೊತ್ತಿಕೊಳ್ಳುತ್ತದೆ, ಅದರ ಮೇಲೇ ಪೆಟ್ರೋಲಿದೆ ಎಂದು ಆನಂದ್ ಬಿಡಿಸಿ ಹೇಳಿದ. ವೈರಿಂಗ್ ಪೂರಾ ಕಿತ್ತು ಹೊಸದು ಹಾಕಬೇಕು.

“ಬಿಡಣ್ಣ, ಅವ್ರು ನೋಡೋ ಹೊತ್ಗೆ ಉರಿದ್ರೆ ಸಾಕು. ಆಮೇಲೆ ಅವ್ರ ಹಣೇಬರ.”

ಆನಂದ್ ಬಲ್ಬು ಕೈಗೆತ್ತಿಕೊಂಡ. ದೋಷ ಬಲ್ಬಿನದೋ ವೈರಿನದೋ ಎಂದು ಖಚಿತ ಮಾಡಿಕೊಳ್ಳಲು ಬಲ್ಬಿಗೆ ಬ್ಯಾಟರಿಯಿಂದ ನೇರವಾಗಿ ತಂತಿ ಹಿಡಿದ. ದೀಪ ಜಗ್ಗನೆ ಉರಿಯಿತು. ಅದೇ ಹೊತ್ತಿಗೆ, ಸಂಜೆಗೆ ಕಾಯದೆ, ಕೊಳ್ಳುವವರು ಬಂದರು. ಅನುಗೊಂಡನಹಳ್ಳಿಯ ಆದಿನಾರಾಯಣಪ್ಪ, ಬೆಳಗಾಗುವ ಮುಂಚೆ ಸೇವಂತಿಗೆ ಮೂಟೆ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುವವರು. ಅವರ ಮಗಳು ಕೀರ್ತನ ಆನಂದನ ವಿದ್ಯಾರ್ಥಿನಿ. ಅವನನ್ನು ಕಂಡವರೇ ಕೈ ಮುಗಿದರು.

“ಹೊಸ ವೈರಿಂಗು, ನಮ್ಮಣ್ಣನೇ ಮಾಡ್ತಾವ್ರೆ,” ಎಂದ ಸುನಿಲ್.

“ಮೇಷ್ಟ್ರ ಕೈ ಬಿದ್ದೈತೆ ಅಂದ್ಮೇಲೆ ನಾನೇನಪ್ಪ ನೋಡೋದು? ತಗೊಂಡಂಗೇ.”

ಇಷ್ಟು ಹೊತ್ತು ಹೇಸಿಗೆ ಬೈಕಿನೊಳಗಿತ್ತು. ಈಗ ಕಾಗದ ಸಾಲದೆಂದು ಆನಂದನ ಹೆಸರನ್ನೇ ಕಿತ್ತು ಸುತ್ತಿದ್ದರು, ಸುತ್ತುವಾಗ ಅವನು ಸುಮ್ಮನೆ ನಿಂತಿದ್ದ.

“ನಾನು ಏನೂ ಮಾಡಿಲ್ಲ. ಎಲ್ಲಾ ಹಳೇ ವೈರೇ,” ಎಂದ. “ತಗೋಬೇಡಿ. ಕೂತಿದ್ದಂಗೇ ಬೆಂಕಿ ಹತ್ಕೊಳುತ್ತೆ.”

ಆದಿನಾರಾಯಣಪ್ಪ ಇಬ್ಬರ ಮುಖವನ್ನೂ ನೋಡಿದರು. ದಿವ್ಯ ತಂದ ಕಾಫಿಯನ್ನು ಬೇಡವೆಂದು ಹೊರಟುಹೋದರು.

ಸುನಿಲ್ ಗೇಟು ಹಾಕಿ ಬಂದ. “ಆಯ್ತು ಬಿಡಿ. ಚಿಂತಾಮಣಿ ಕಡೆಯೋರಿಗೆ ಕೊಡ್ತೀನಿ. ಅಲ್ಲಿ ನಿಮ್ ಸ್ಟೂಡೆಂಟ್ಸು ಇರಲ್ಲ.” ಹಾಗೆನ್ನುತ್ತಲೇ ಕುಕ್ಕರುಗಾಲಲ್ಲಿ ಕೂತು, ಆನಂದ್ ಬಿಚ್ಚಿ ನೆಲಕ್ಕೆ ಹಾಕಿದ್ದ ಬೆಳ್ಳಿ ಕಾಗದದ ಧೂಳು ಊದಿ, ಫ್ಯೂಸಿಗೆ ಮತ್ತೆ ಸುತ್ತತೊಡಗಿದ.

ಆನಂದ್ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದ. ಆಮೇಲೆ ಟ್ಯಾಂಕು ಎತ್ತಿ, ಅಂಟುಅಂಟಾದ ಇಡೀ ಕಟ್ಟನ್ನು ಮುಷ್ಟಿಯಲ್ಲಿ ಹಿಡಿದು, ಕಟಿಂಗ್ ಪ್ಲೈಯರಿನಿಂದ ಹ್ಯಾಂಡಲ್ ಹತ್ತಿರ ಒಮ್ಮೆ, ಸೀಟಿನ ಹತ್ತಿರ ಒಮ್ಮೆ ಕತ್ತರಿಸಿದ. ಕೋಳಿಯ ಕರುಳಿನಂತೆ ಅದು ಕೈಗೆ ಬಂತು.

“ಹೊಸ ವೈರು ತಂದ ದಿನ ಫೋನ್ ಮಾಡು. ನಾನೇ ಬಂದು ಹಾಕ್ತೀನಿ.”

ಆನಂದ್ ಆ ಕಟ್ಟನ್ನು ತನ್ನ ಕಾರಿನ ಡಿಕ್ಕಿಯಲ್ಲಿ ಹಾಕಿ ಬೀಗ ಹಾಕಿದ. ತಿಪ್ಪೆಗೆ ಎಸೆದರೆ ಸುನಿಲ್ ಹುಡುಕಿ ತಂದು ಮತ್ತೆ ಹೊಸೆಯುತ್ತಾನೆ.