ಮೂರು ಮುದ್ರೆಯ ಚೀಟಿ

ಗದ್ದೆಗಳಲ್ಲಿ ಕೊಯ್ಲು ನಡೆದಿದ್ದ ಫೆಬ್ರವರಿ ತಿಂಗಳು, ಬೆಳಗಿನ ಏಳೂವರೆ. ಸಿಂಹಳ ದ್ವೀಪದ ತಂಗಾಲೆಯ ಪಿಯಸೇನನ ಚಹದಂಗಡಿಯಲ್ಲಿ ಮುದುಕ ಜಿನದಾಸ ಬೆಲ್ಲ ಕಚ್ಚಿಕೊಂಡು ಕಪ್ಪು ಚಹ ಹೀರುತ್ತಿದ್ದ. ಅವನ ಕೆಂಪು ಆಟೋ ಆಗಲೇ ಹಪುತಲೆಯ ಬೆಟ್ಟದ ದಾರಿ ಹಿಡಿದಿತ್ತು. ಓಡಿಸುತ್ತಿದ್ದವಳು ಬೆಟ್ಟ ನೋಡಲು ಅದನ್ನು ಬಾಡಿಗೆಗೆ ಪಡೆದ ಟಿನೆಕಾ ಎಂಬ ಡಚ್ ಹೆಂಗಸು. ಕಡಲದಂಡೆಯಲ್ಲಿ ಆಮೆಮೊಟ್ಟೆ ಕಾಯಲು ಬಂದು ಎರಡು ತಿಂಗಳಲ್ಲಿ ಮುರುಕು ಸಿಂಹಳ ಕಲಿತವಳು. ಅವಳಿಗೆ ಆರು ದಿನ ಬೌದ್ಧ ವಿಹಾರದ ಬಯಲಲ್ಲಿ ಆಟೋ ಕಲಿಸಿದವನು ಜಿನದಾಸನೇ.

“ನೋಡು, ಮೂರು ಮುದ್ರೆ! ನನ್ನ ಲೈಸೆನ್ಸಿಗೇ ಇಷ್ಟು ಬಿದ್ದಿಲ್ಲ,” ಎಂದು ಜಿನದಾಸ ಅವಳ ಚಾಲನಾ ಚೀಟಿಯ ನಕಲನ್ನು ಪಿಯಸೇನನ ಮುಂದಿಟ್ಟ. ಹೊರದೇಶದವರಿಗೆ ತಮ್ಮೂರಿನ ಲೈಸೆನ್ಸ್ ಸಾಲದು, ಇಲ್ಲಿನ ಸಾರಿಗೆ ಕಚೇರಿಯ ಚೀಟಿಯೂ ಬೇಕು. ಮೂರನೇ ತರಗತಿಗೆ ಶಾಲೆ ಬಿಟ್ಟ ಜಿನದಾಸ ಅದನ್ನು ಓದಿರಲಿಲ್ಲ. ಮುದ್ರೆ ಎಣಿಸಿ ಕೀಲಿಕೈ ಕೊಟ್ಟಿದ್ದ.

ಪಿಯಸೇನ ಕನ್ನಡಕ ಏರಿಸಿದ. “ಅಯ್ಯಾ, ಮುದ್ರೆ ಬಿದ್ದಿರೋದು ಕಾರಿನ ಸಾಲಿಗೆ. ಮೂರು ಗಾಲಿ ಸಾಲು ಬೋಳು ಬಿಟ್ಟಿದಾರೆ.”

“ಅಂದ್ರೆ?”

“ಆಕೆ ಕಾರು ಓಡಿಸಬಹುದು, ನಿನ್ನ ಡಬ್ಬ ಓಡಿಸೋ ಹಾಗಿಲ್ಲ. ಯಾರಿಗಾದ್ರೂ ತಾಗಿದ್ರೆ ವಿಮೆಯವರು ತಿರುಗಿ ನೋಡಲ್ಲ. ಗಾಡಿ ಠಾಣೆ ಅಂಗಳದಲ್ಲಿ ಕೊಳೆಯುತ್ತೆ.”

ಜಿನದಾಸ ಚಹದ ಲೋಟ ಕೆಳಗಿಟ್ಟ. ಇಪ್ಪತ್ತೆರಡು ವರ್ಷ ಮನೆಗೆ ಅನ್ನ ಹಾಕಿದ ಗಾಡಿ ಅದು. ಟಿನೆಕಾಗೆ ಫೋನು ಮಾಡಿದ, ಬಾರಿಸಿ ಬಾರಿಸಿ ನಿಂತಿತು. ದಾರಿಯಲ್ಲಿ ಫೋನು ಎತ್ತಬಾರದೆಂದು ಕಲಿಸಿದವನೂ ತಾನೇ! ಆ ದಾರಿಯಲ್ಲಿ ಹೋಗುವ ಮೊದಲ ಬಸ್ಸು ಹತ್ತಿದ.

ಕೂರಲಾಗಲಿಲ್ಲ. ಬಾಗಿಲಿಗೆ ಬಂದ, ಕಿಟಕಿಗೆ ಹೋದ, ಮತ್ತೆ ಬಾಗಿಲಿಗೆ ಬಂದ.

“ಮಾಮ, ನೀವು ಒಳಗೆ ನಡೆದ್ರೆ ಬಸ್ಸು ಬೇಗ ಹೋಗಲ್ಲ. ಕೂತ್ಕೊಳ್ಳಿ,” ಎಂದ ಕಂಡಕ್ಟರ್. ಜನ ನಕ್ಕರು.

ಪೊರೆ ಬಂದ ಕಣ್ಣಿಗೆ ಕೆಂಪಾದದ್ದೆಲ್ಲ ತನ್ನ ಆಟೋ. ಅಂಚೆಪೆಟ್ಟಿಗೆ ಕಂಡರೂ ಎದೆ ಹಾರಿತು. ಹಂಬಂತೋಟದಲ್ಲಿ ಪೊಲೀಸರು ಗಾಡಿಗಳನ್ನು ಅಡ್ಡಗಟ್ಟಿದ್ದರು. “ಅಲ್ಲಿ ಕೆಂಪು ಆಟೋ ಇದೆಯಾ ಮಗಳೇ?” ಎಂದು ಪಕ್ಕದ ಹುಡುಗಿಯನ್ನು ಕೇಳಿದ. “ಇಲ್ಲ ಅಜ್ಜ, ಬರೀ ಲಾರಿ,” ಎಂದಳು. ಸಮಾಧಾನ ಒಂದು ಮೈಲಿಯೂ ಉಳಿಯಲಿಲ್ಲ. ಅಲ್ಲಿ ಹಿಡಿದಿಲ್ಲವೆಂದರೆ ಮುಂದೆ ಎಲ್ಲೋ ಯಾರಿಗೋ ಗುದ್ದಿರಬೇಕು.

ತನಮಲ್ವಿಲ ದಾಟಿದ ಮೇಲೆ ಆನೆಗಳ ಕಾಡು. ಅಲ್ಲೊಂದು ತಿರುವಿನಲ್ಲಿ ಗಣದೇವರ, ಎಂದರೆ ಗಣಪನ, ಮರ. ಆನೆ ಅಡ್ಡ ಬರದಿರಲೆಂದು ದಾರಿಹೋಕರು ಹಸಿರು ಟೊಂಗೆ ಮುರಿದು ಅಲ್ಲಿ ನೇತುಹಾಕುತ್ತಾರೆ. ಆ ಮರದಡಿ, ಕೆಂಪು ಆಟೋದ ಪಕ್ಕದಲ್ಲಿ, ಟಿನೆಕಾ ತುದಿಗಾಲಲ್ಲಿ ನಿಂತು ಟೊಂಗೆ ಸಿಕ್ಕಿಸುತ್ತಿದ್ದಳು.

“ನಿಲ್ಸಪ್ಪಾ!” ಎಂದು ಜಿನದಾಸ ಕೂಗಿದ ಕೂಗಿಗೆ ಬಸ್ಸೇ ಹೆದರಿ ನಿಂತಿತು.

“ಮಾಮ! ನೀನು ಹೇಳಿದ್ದು, ದೇವರು ಕಂಡಲ್ಲೆಲ್ಲ ನಿಲ್ಲಬೇಕು. ಇದು ಒಂಬತ್ತನೇದು,” ಎಂದಳು ಆಕೆ. “ತುಂಬ ದೇವರು!”

ಅವನು ಆಟೋದ ಸುತ್ತ ಎರಡು ಸುತ್ತು ಬಂದು, ಮುಂದಿನ ಗಾಲಿ ಸವರಿ, ಉಸಿರು ಬಿಟ್ಟ. ಚೀಟಿಯ ಖಾಲಿ ಸಾಲು ತೋರಿಸಿದ. ಅವಳ ಮುಖ ಕೆಂಪಾಯಿತು.

“ನಾನೂ ನೋಡಿಲ್ಲ. ಹಾಗಾದ್ರೆ ನೀನು ಓಡಿಸು, ನಾನು ಹಿಂದೆ ಕೂರ್ತೀನಿ.”

ಜಿನದಾಸ ಬೆವರಿದ. ಅವನ ಲೈಸೆನ್ಸಿನ ಅವಧಿ ಹೋದ ತಿಂಗಳೇ ಮುಗಿದಿತ್ತು. ಕಣ್ಣು ಆಪರೇಷನ್ ಆಗದೆ ಡಾಕ್ಟರು ಸಹಿ ಹಾಕುವುದಿಲ್ಲ.

“ಮಗಳೇ, ನಿನಗೆ ಕಣ್ಣಿದೆ, ಚೀಟಿಯಿಲ್ಲ. ನನಗೆ ಎರಡೂ ಇಲ್ಲ.”

ರಸ್ತೆ ಖಾಲಿ ಬಿದ್ದಿತ್ತು. ಬಾಲ್ಯದಿಂದ ಬಲ್ಲ ದಾರಿ, ಯಾರು ನೋಡುತ್ತಾರೆ? ಅವನು ಸೀಟಿನಲ್ಲಿ ಕೂತ, ಹ್ಯಾಂಡಲ್ ಹಿಡಿದ. ಎದುರಿನಿಂದ ಬಂದದ್ದು ಲಾರಿಯೋ ಆನೆಯೋ ತಿಳಿಯಲಿಲ್ಲ. ಹತ್ತಿರವಾದಾಗ ಸೈಕಲ್ಲು, ಹಿಂದೆ ಮಗು ಕಟ್ಟಿಕೊಂಡು ಒಬ್ಬ ತಾಯಿ ಗಂಟೆ ಬಾರಿಸುತ್ತ ಹೋದಳು.

ಜಿನದಾಸ ಕೆಳಗಿಳಿದ. ಕೀಲಿಕೈ ತೆಗೆದು ಲುಂಗಿಯ ಮಡಿಕೆಗೆ ಸಿಕ್ಕಿಸಿದ. ಹೊಲಿಗೆ ಕಾರ್ಖಾನೆಯಲ್ಲಿದ್ದ ಮಗಳು ಇರೇಷಾಗೆ ಫೋನು ಮಾಡಿದ. ಮನೆಯಲ್ಲಿ ಆಟೋದ ಲೈಸೆನ್ಸ್ ಇದ್ದವಳು ಅವಳೊಬ್ಬಳೇ.

“ಅಪ್ಪಾ, ಮುದ್ರೆ ಎಣಿಸೋ ಬದಲು ನನ್ನ ಕೇಳಬಾರದಿತ್ತಾ? ಅಲ್ಲೇ ಕೂತಿರಿ, ರಜೆ ಹಾಕಿ ಬರ್ತೀನಿ. ಹ್ಯಾಂಡಲ್ ಮುಟ್ಟಬೇಡಿ!”

“ಮುಟ್ಟಲ್ಲ ಮಗಳೇ,” ಎಂದ. ಮುಟ್ಟಿದ್ದನ್ನು ಹೇಳಲಿಲ್ಲ.

ಮಧ್ಯಾಹ್ನ ಹಪುತಲೆಯ ಬಸ್ಸು ಬಂದಾಗ ಟಿನೆಕಾ ಚೀಲ ಹೊತ್ತು ಹತ್ತಿದಳು. ಜಿನದಾಸ ಮಗಳ ದಾರಿ ಕಾಯುತ್ತ ಆಟೋದ ನೆರಳಿನಲ್ಲಿ ಉಳಿದ. ಟಿನೆಕಾ ಹೋದದ್ದು ಮಂಗಳವಾರ, ಬೌದ್ಧರ ನವಂ ಹುಣ್ಣಿಮೆ ಹಬ್ಬಕ್ಕೆ ಎರಡು ದಿನ ಮುಂಚೆ.